ಮದುಮಗನ ಗೆಳೆಯರಿಗೇನು ಕೆಲಸ?

2025ರ ಜನವರಿ ಮೊದಲ ವಾರ ತಿರುವನಂತಪುರದಲ್ಲಿ ಕೇರಳದ ಶಾಲಾ ಕಲೋತ್ಸವ ನಡೆಯಿತು. ಐದು ದಿನ, ಇಪ್ಪತ್ತೈದು ವೇದಿಕೆ. ಕೊನೆಗೆ ತ್ರಿಶೂರು ಜಿಲ್ಲೆ 1008 ಅಂಕ, ಪಾಲಕ್ಕಾಡು 1007. ಒಂದೇ ಅಂಕದಲ್ಲಿ ಚಿನ್ನದ ಕಪ್ ಕೈತಪ್ಪಿದ ಸುದ್ದಿ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಷ್ಟೊಂದು ಸ್ಪರ್ಧೆಗಳ ನಡುವೆ ಗಂಡುಮಕ್ಕಳಿಗೆಂದೇ ಇರುವ ಒಂದು ಐಟಂ ಇದೆ: ವಟ್ಟಪ್ಪಾಟ್ಟ್. ವಟ್ಟ ಎಂದರೆ ಸುತ್ತು, ಪಾಟ್ಟ್ ಎಂದರೆ ಹಾಡು. ಒಬ್ಬ ಹುಡುಗ ಮದುಮಗನಾಗಿ ನಡುವೆ ಕೂರುತ್ತಾನೆ. ಉಳಿದವರು ಸುತ್ತ ಕೂತು, ಎದ್ದು, ಬಾಗಿ, ಚಪ್ಪಾಳೆಯ ತಾಳ ಹಾಕುತ್ತ ಮಾಪಿಳ್ಳೆ ಹಾಡು ಹೇಳುತ್ತಾರೆ. ಹಾಡು ನಿಧಾನವಾಗಿ ಶುರುವಾಗಿ ಬಿರುಸಾಗುತ್ತದೆ. ನಡುವೆ ಕೂತವನಿಗೆ ಹಾಡುವ ಕೆಲಸ ಇಲ್ಲ, ಕುಣಿಯುವ ಕೆಲಸವೂ ಇಲ್ಲ. ಹೊಸ ಬಟ್ಟೆಯಲ್ಲಿ ಒಂದಿಷ್ಟು ನಾಚಿಕೊಂಡು ಕೂತರೆ ಅವನ ಪಾತ್ರ ಮುಗಿಯಿತು.

ಶಾಲೆಯ ವೇದಿಕೆಗೆ ಬರುವ ಮುಂಚೆ ಇದು ಮಲಬಾರಿನ ಮುಸ್ಲಿಂ ಮನೆಗಳಲ್ಲಿ ಮದುವೆಯ ಮುನ್ನಾದಿನ ರಾತ್ರಿ ಮದುಮಗನ ಗೆಳೆಯರೂ ನೆಂಟರೂ ಸೇರಿ ಮಾಡುತ್ತಿದ್ದ ಸಂಭ್ರಮ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಬ್ಯಾಚುಲರ್ ಪಾರ್ಟಿ. ಕಲೋತ್ಸವ ಮೊದಲ ಸಲ ನಡೆದದ್ದು 1957ರಲ್ಲಿ, ಎರ್ನಾಕುಲಂನಲ್ಲಿ, ರಾಜ್ಯ ಹುಟ್ಟಿ ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ಮುಂದಿನ ದಶಕಗಳಲ್ಲಿ ಒಂದೊಂದಾಗಿ ಮದುವೆಮನೆಯ ಆಟಗಳು ಅಂಗಳ ಬಿಟ್ಟು ವೇದಿಕೆ ಹತ್ತಿದವು. ಒಪ್ಪನ ಹತ್ತಿತು, ಮಾರ್ಗಂಕಳಿ ಹತ್ತಿತು, ವಟ್ಟಪ್ಪಾಟ್ಟ್ ಹತ್ತಿತು. ಈಗ ಮದುವೆಯ ಹಿಂದಿನ ರಾತ್ರಿ ಗೆಳೆಯರು ಏನು ಹಾಡಬೇಕೆಂಬುದು ಚೆನ್ನಾಗಿ ಗೊತ್ತಿರುವುದು ತೀರ್ಪುಗಾರರಿಗೆ, ಗೆಳೆಯರಿಗಲ್ಲ.

ಆ ರಾತ್ರಿಗೆ ಮಲಯಾಳದಲ್ಲಿ ಒಂದೇ ಪದದ ಹೆಸರಿದೆ: ತಲೇನ್ನ್. ಕಲ್ಯಾಣದ ತಲೇನ್ನ್ ಎಂದರೆ ಮದುವೆಯ ಹಿಂದಿನ ದಿನ. ತಲೆ ಎಂಬುದು ನಮ್ಮ ತಲೆಯೇ. ಮದುವೆ ಎಂಬ ಒಡಲಿಗೆ ಆ ದಿನ ತಲೆ. ಕನ್ನಡ ಅದೇ ದಿನವನ್ನು ಹಿಂದಿನ ದಿನ ಎಂದೂ ಕರೆಯುತ್ತದೆ, ಮುನ್ನಾದಿನ ಎಂದೂ ಕರೆಯುತ್ತದೆ. ಹಿಂದೋ ಮುಂದೋ ಎಂದು ನಿರ್ಧರಿಸದೆ ಎರಡನ್ನೂ ಇಟ್ಟುಕೊಂಡಿದೆ. ಇನ್ನೊಂದು ಪದವೂ ಇಲ್ಲಿ ಮುಖ್ಯ. ಮಲಯಾಳದಲ್ಲಿ ಗೆಳೆಯನಿಗೆ ಚಙ್ಙಾತಿ ಎನ್ನುತ್ತಾರೆ. ನಮ್ಮ ಸಂಗಾತಿಯೂ ಅದೂ ಒಂದೇ ಮೂಲದವು. ಆದರೆ ಕನ್ನಡದಲ್ಲಿ ಸಂಗಾತಿ ಎಂದೊಡನೆ ನೆನಪಾಗುವುದು ಬಾಳಸಂಗಾತಿ, ಅಂದರೆ ಹೆಂಡತಿ ಅಥವಾ ಗಂಡ. ಮಲಯಾಳದ ಚಙ್ಙಾತಿ ಗೆಳೆಯನಾಗಿಯೇ ಉಳಿದ. ಮದುವೆಯ ಹಿಂದಿನ ರಾತ್ರಿ ಈ ಎರಡು ಅರ್ಥಗಳೂ ಒಂದೇ ಚಾವಡಿಯಲ್ಲಿ ಕೂತಿರುತ್ತವೆ. ಒಬ್ಬ ಸಂಗಾತಿ ಬರುವವಳು, ಉಳಿದವರು ಪಕ್ಕಕ್ಕೆ ಸರಿಯಬೇಕಾದವರು.

ಬ್ಯಾಚುಲರ್ ಪಾರ್ಟಿಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಸ್ಪಾರ್ಟಾದಿಂದ ಶುರುಮಾಡುತ್ತಾರೆ. ಅಲ್ಲಿನ ಸೈನಿಕರು ಮದುವೆಗೆ ಮುಂಚೆ ಗೆಳೆಯನಿಗಾಗಿ ಕುಡಿದು ಕುಣಿಯುತ್ತಿದ್ದರಂತೆ. ಆದರೆ ಲೈಕರ್ಗಸನ ಜೀವನ ಬರೆದ ಪ್ಲುಟಾರ್ಕ್ ಹೇಳಿರುವುದು ಹೆಚ್ಚುಕಡಿಮೆ ಇದಕ್ಕೆ ತಿರುಗಾಮುರುಗಾ. ಮದುಮಗ ಎಂದಿನಂತೆ ತನ್ನ ಪಂಕ್ತಿಯವರ ಜೊತೆ ಉಣ್ಣುತ್ತಿದ್ದ, ಕುಡಿಯುತ್ತಿರಲಿಲ್ಲ, ಎದ್ದು ಕತ್ತಲಲ್ಲಿ ಹೆಂಡತಿಯ ಬಳಿ ಹೋಗಿ, ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದು ಗೆಳೆಯರ ನಡುವೆಯೇ ಮಲಗುತ್ತಿದ್ದ. ಇವತ್ತು ಆ ಹೆಸರಿನಲ್ಲಿ ನಡೆಯುವುದಕ್ಕೆ ಹತ್ತಿರದ ಪೂರ್ವಜ ಬೇಕೆಂದರೆ 1896ರ ಡಿಸೆಂಬರಿನ ನ್ಯೂಯಾರ್ಕಿಗೆ ಹೋಗಬೇಕು. ಸರ್ಕಸ್ಸಿನ ಬಾರ್ನಮ್‌ನ ಮೊಮ್ಮಗ ಹರ್ಬರ್ಟ್ ಸೀಲಿ, ಮದುವೆಯಾಗಲಿದ್ದ ಸೋದರನಿಗಾಗಿ ಶೆರೀಸ್ ಎಂಬ ಐಷಾರಾಮಿ ಹೋಟೆಲಿನಲ್ಲಿ ಗಂಡಸರ ಔತಣ ಇಟ್ಟುಕೊಂಡಿದ್ದ. ಬೆತ್ತಲೆ ಕುಣಿತ ಇದೆಯೆಂಬ ಸುಳಿವು ಸಿಕ್ಕಿ ಪೊಲೀಸರು ನುಗ್ಗಿದರು. ಪತ್ರಿಕೆಗಳಿಗೆ ವಾರಗಟ್ಟಲೆ ಹಬ್ಬ.

ಅದೇ 1896ರಲ್ಲಿ ಮದ್ರಾಸ್ ಸರ್ಕಾರ ಮಲಬಾರ್ ವಿವಾಹ ಕಾಯ್ದೆ ತಂದಿತು. ಅದಕ್ಕೆ ಕಾರಣವಾದ ಪ್ರಶ್ನೆ ವಿಚಿತ್ರವಾಗಿತ್ತು: ನಾಯರ್ ಗಂಡಸಿಗೆ ಮದುವೆ ಎಂಬುದೊಂದು ಇದೆಯೇ? ಅಳಿಯಕಟ್ಟಿನ ಮನೆಗಳಲ್ಲಿ ಗಂಡು ತನ್ನ ತಾಯಿಮನೆಯಲ್ಲೇ ಉಳಿಯುತ್ತಿದ್ದ. ಸಂಬಂಧ ಎಂದು ಕರೆಯುತ್ತಿದ್ದ ಆ ಮದುವೆ ರಾತ್ರಿ ಹೊತ್ತು ನಡೆಯುತ್ತಿತ್ತು. ಗಂಡು ಮನೆಯ ಯಜಮಾನ ಕಾರಣವರ ಒಪ್ಪಿಗೆ ಪಡೆದು, ಗೆಳೆಯರನ್ನು ಕಟ್ಟಿಕೊಂಡು ಹೆಣ್ಣಿನ ತರವಾಡಿಗೆ ಹೋಗುತ್ತಿದ್ದ. ಊಟ ಆಗುತ್ತಿತ್ತು. ಉರಿಯುವ ದೀಪದ ಮುಂದೆ ಹೆಣ್ಣಿಗೆ ಸೀರೆ ಕೊಡುತ್ತಿದ್ದ. ಅದಕ್ಕೇ ಪುಡವಕೊಡ, ಪುಡಮುರಿ ಎಂಬ ಹೆಸರುಗಳು. ಗೆಳೆಯರು ವೀಳ್ಯ ತೆಗೆದುಕೊಂಡು ಹೊರಡುತ್ತಿದ್ದರು. ಇಲ್ಲಿ ಹಿಂದಿನ ರಾತ್ರಿ ಎಂಬುದೇ ಬೇರೆಯಾಗಿ ಇರಲಿಲ್ಲ. ಗೆಳೆಯರ ರಾತ್ರಿಯೂ ಮದುವೆಯ ರಾತ್ರಿಯೂ ಒಂದೇ. ಬರೆದಿಟ್ಟ ದಾಖಲೆ ಇಲ್ಲದ ಆ ಕಾಲದಲ್ಲಿ ಇಂಥವನು ಇಂಥವಳಿಗೆ ಸೀರೆ ಕೊಟ್ಟ ಎಂದು ಹೇಳಬಲ್ಲವರಲ್ಲಿ ಆ ಗೆಳೆಯರೂ ಇದ್ದರು. ಊಟಕ್ಕೆ ಬಂದವರೇ ಸಾಕ್ಷಿಗಳು.

ಸರ್ಕಾರಕ್ಕೆ ಆ ಸಾಕ್ಷಿ ಸಾಲಲಿಲ್ಲ. 1891ರಲ್ಲಿ ನೇಮಕವಾದ ಆಯೋಗದಲ್ಲಿ ಸಿ. ಶಂಕರನ್ ನಾಯರ್ ಇದ್ದರು, ಎರಡು ವರ್ಷದ ಹಿಂದಷ್ಟೇ ‘ಇಂದುಲೇಖಾ’ ಕಾದಂಬರಿ ಪ್ರಕಟಿಸಿದ್ದ ಒ. ಚಂದು ಮೇನೋನ್ ಇದ್ದರು. ಸಂಬಂಧ ಈಗಾಗಲೇ ಮದುವೆಯೇ, ಕಾನೂನು ಅದನ್ನು ಹೊಸದಾಗಿ ಮದುವೆ ಮಾಡಬೇಕಿಲ್ಲ ಎಂದು ಚಂದು ಮೇನೋನ್ ಬೇರೆಯಾಗಿ ಅಭಿಪ್ರಾಯ ಬರೆದರು. ಕಾಯ್ದೆ ಬಂತು. ಬಯಸಿದವರು ಸಂಬಂಧವನ್ನು ನೋಂದಾಯಿಸಬಹುದಿತ್ತು. ಬಯಸಿದವರು ಬಹಳ ಕಡಿಮೆ. ದಕ್ಷಿಣದಲ್ಲಿ ತಿರುವಾಂಕೂರು ಸಂಸ್ಥಾನ 1912ರಲ್ಲಿ, ಮತ್ತೆ 1925ರಲ್ಲಿ, ತಿರುವನಂತಪುರದಿಂದ ನಾಯರ್ ಶಾಸನಗಳನ್ನು ಹೊರಡಿಸಿತು. ಕೊಚ್ಚಿ ಸಂಸ್ಥಾನವೂ ಅದೇ ದಾರಿ ಹಿಡಿಯಿತು. ಗಂಡ ಹೆಂಡತಿ ಮಕ್ಕಳು ಒಂದು ಮನೆ ಎಂಬ ಲೆಕ್ಕ ಬಂತು. ಕರಾವಳಿಯ ಕನ್ನಡಿಗರಿಗೆ ಇದು ದೂರದ ಕತೆಯಲ್ಲ. ನಮ್ಮ ಅಳಿಯಸಂತಾನಕ್ಕೆ ಮದ್ರಾಸಿನ ಕಾಯ್ದೆ 1949ರಲ್ಲಿ ಬಂತು.

ಇದೇ ಕೇರಳದ ಇನ್ನೊಂದು ಸಮುದಾಯದಲ್ಲಿ ಆ ಹಿಂದಿನ ರಾತ್ರಿ ಬಹಳ ಬಿಗಿಯಾದ ಕಟ್ಟಳೆಯಾಗಿ ಉಳಿದುಕೊಂಡಿತು. ಕ್ನಾನಾಯ ಕ್ರೈಸ್ತರು ತಮ್ಮ ಮೂಲವನ್ನು ಕೊಚ್ಚಿಯ ಉತ್ತರಕ್ಕಿರುವ ಕೊಡುಂಗಲ್ಲೂರಿಗೆ ಬಂದಿಳಿದ ಕಾನಾಯಿ ತೊಮ್ಮನಿಂದಲೂ ಅವನ ಜೊತೆ ಬಂದ 72 ಮನೆತನಗಳಿಂದಲೂ ಎಣಿಸುತ್ತಾರೆ. ನಾಲ್ಕನೆಯ ಶತಮಾನದ ಮಾತು ಎಂಬುದು ಅವರ ಐತಿಹ್ಯ. ಅವರಲ್ಲಿ ಮದುವೆಯ ತಲೇನ್ನ್ ಹೆಣ್ಣಿನ ಮನೆಯಲ್ಲಿ ಮೈಲಾಂಚಿ, ಅಂದರೆ ಮದರಂಗಿ. ಗಂಡಿನ ಮನೆಯಲ್ಲಿ ಚಂದಂ ಚಾರ್ತ್ತಲ್. ಚಂದಂ ಎಂದರೆ ಚೆಂದ. ಚಾರ್ತ್ತುವುದು ಎಂಬ ಕ್ರಿಯಾಪದವನ್ನು ಮಲಯಾಳಿಗಳು ದೇವರ ವಿಗ್ರಹಕ್ಕೆ ಚಂದನ ಹಚ್ಚುವಾಗಲೂ ಬಳಸುತ್ತಾರೆ. ಇಲ್ಲಿ ಅದು ಮದುಮಗನ ಮುಖಕ್ಷೌರ.

ಚಪ್ಪರದಲ್ಲಿ ದೀಪ ಹಚ್ಚಿ ಹುಡುಗನನ್ನು ಕೂರಿಸುತ್ತಾರೆ. ಕ್ಷೌರದವನು ಕತ್ತಿ ಎತ್ತುವ ಮುಂಚೆ ಸೇರಿದ ಸಭೆಯನ್ನು ಒಪ್ಪಿಗೆ ಕೇಳಬೇಕು. ಹದಿನೇಳು ಜಾತಿಗಳಿಗಿಂತ ಮೇಲಿರುವ ಯಜಮಾನರೇ, ಮದುಮಗನನ್ನು ಚೆಂದ ಮಾಡಲೇ ಎಂಬುದು ಆ ಪ್ರಶ್ನೆಯ ಭಾವ. ಒಂದು ಸಲವಲ್ಲ, ಮೂರು ಸಲ. ಸಭೆ ಒಪ್ಪಿದ ಮೇಲೆ ಕೆಲಸ ಶುರು. ಹಾಡು ನಡೆಯುತ್ತಿರುತ್ತದೆ. ಆಮೇಲೆ ಎಣ್ಣೆಸ್ನಾನ, ಹೊಸ ಬಟ್ಟೆ, ಬೆಲ್ಲ ಸೇರಿದ ಸಿಹಿ ಅನ್ನವನ್ನು ಹಿರಿಯರು ಬಾಯಿಗಿಡುವ ಇಚ್ಚಪ್ಪಾಡ್. ಈ ರಾತ್ರಿಯ ಹಾಡುಗಳನ್ನೂ ಇತರ ಹಳೆಯ ಹಾಡುಗಳನ್ನೂ ತಾಳೆಗರಿಗಳಿಂದಲೂ ಬಾಯಿಗಳಿಂದಲೂ ಕೂಡಿಸಿ ಪಿ. ಯು. ಲೂಕೋಸ್ 1910ರಲ್ಲಿ ‘ಪುರಾತನಪ್ಪಾಟ್ಟುಕಳ್’ ಎಂದು ಅಚ್ಚು ಹಾಕಿಸಿದರು. ಮಾರ್ಗಂಕಳಿ ಆಗ ಗಂಡಸರ ಆಟ. ಹನ್ನೆರಡು ಮಂದಿ ದೀಪದ ಸುತ್ತ ಸುತ್ತುತ್ತಿದ್ದರು. ಕಲೋತ್ಸವದ ವೇದಿಕೆಯಲ್ಲಿ ಈಗ ಅದು ಬಿಳಿ ಚಟ್ಟೆ-ಮುಂಡು ಉಟ್ಟ ಹುಡುಗಿಯರ ಆಟ.

ಆ ಪ್ರಶ್ನೆಯನ್ನು ಇನ್ನೊಂದು ಸಲ ಓದಿದರೆ ಎರಡು ಸಂಗತಿ ಕಾಣುತ್ತವೆ. ಮದುಮಗನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಅವನ ಗಲ್ಲ, ಅವನ ಮೀಸೆ, ಒಪ್ಪಿಗೆ ಊರಿನದು. ನಾಚಿಕೆ ಸ್ವಭಾವದ ಹುಡುಗನಿಗೆ ಇದಕ್ಕಿಂತ ಆರಾಮ ಇಲ್ಲ. ತನ್ನ ಖುಷಿಯನ್ನು ತಾನೇ ಪ್ರದರ್ಶಿಸುವ ಕಷ್ಟ ಅವನಿಗಿಲ್ಲ. ಇನ್ನೊಂದು ಸಂಗತಿ ಅಷ್ಟು ಹಿತವಾದದ್ದಲ್ಲ. ಹದಿನೇಳು ಜಾತಿಯ ಮೇಲಿನವರೇ ಎಂದು ಮೂರು ಸಲ ಹೇಳಬೇಕಾದವನು ಆ ಹದಿನೇಳರಲ್ಲಿ ಒಬ್ಬ. ಮದುಮಗನ ಚೆಂದದಲ್ಲಿ ಕ್ಷೌರದವನ ಕೀಳುಸ್ಥಾನವೂ ಸೇರಿದೆ. ಇವತ್ತು ಅನೇಕ ಮದುವೆಗಳಲ್ಲಿ ಆ ಪಾತ್ರವನ್ನು ಅಭಿನಯದಂತೆ ನಡೆಸಿಬಿಡುತ್ತಾರೆ, ಸಭೆ ನಗುತ್ತದೆ. ಆದರೆ ಚಪ್ಪರಕ್ಕೆ ಯಾರು ಸೇರಿದವರು ಎಂಬ ಪ್ರಶ್ನೆ ನಗುವಿನಲ್ಲಿ ಮುಗಿಯುವುದಿಲ್ಲ. ಸಮುದಾಯದ ಹೊರಗೆ ಮದುವೆಯಾದವರು ಸಮುದಾಯದ ಚರ್ಚಿನ ಸದಸ್ಯತ್ವ ಕಳೆದುಕೊಳ್ಳಬೇಕೇ ಎಂಬ ಜಗಳ ಕೋರ್ಟಿನವರೆಗೂ ಹೋಗಿದೆ. ಅಂಥ ಹುಡುಗನಿಗೆ ತಲೇನ್ನ್ ಯಾವ ಚಪ್ಪರದಲ್ಲಿ?

ಕ್ನಾನಾಯರ ಮದುವೆ ಹಾಡುಗಳಿಗೂ ಕೊಚ್ಚಿಯ ಯಹೂದಿಗಳ ಮದುವೆ ಹಾಡುಗಳಿಗೂ ಇರುವ ಹೋಲಿಕೆಯನ್ನು ಪಿ. ಎಂ. ಜುಸ್ಸೆ ಅವರಂಥ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಮಟ್ಟಾಂಚೇರಿಯ ಪರದೇಸಿ ಸಿನಗಾಗ್ 1568ರದು. ಅದರ ಸುತ್ತಲಿನ ಬೀದಿಗಳಲ್ಲಿ ಮದುವೆ ಎಂದರೆ ಒಂದು ದಿನದ ಮಾತಾಗಿರಲಿಲ್ಲ, ವಾರದ ಗದ್ದಲ. ಅಲ್ಲಿ ಮದುಮಗನನ್ನು ಹಾಡಿ ಹೊಗಳುತ್ತಿದ್ದವರು ಗೆಳೆಯರಿಗಿಂತ ಹೆಚ್ಚಾಗಿ ಹೆಂಗಸರು. ಗಂಡಸರ ಎದುರೇ, ಮಲಯಾಳದಲ್ಲಿ. ಹಾಡುಗಳನ್ನು ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. 1950ರ ದಶಕದಲ್ಲಿ ಹೆಚ್ಚಿನ ಮನೆಗಳು ಇಸ್ರೇಲಿಗೆ ಹೊರಟಾಗ ಆ ಪುಸ್ತಕಗಳೂ ಜೊತೆಗೆ ಹೋದವು. ಸ್ಕರಿಯಾ ಸಕ್ಕರಿಯ ಮತ್ತು ಒಫಿರಾ ಗಮ್ಲಿಯೇಲ್ ಸಂಪಾದಿಸಿದ ಸಂಕಲನ ‘ಕಾರ್ಕುಳಲಿ’ ಜೆರುಸಲೇಮಿನಲ್ಲಿ ಅಚ್ಚಾಯಿತು.

ಅದೇ ಮಟ್ಟಾಂಚೇರಿ, ಫೋರ್ಟ್ ಕೊಚ್ಚಿಯ ಗಲ್ಲಿಗಳಲ್ಲಿ ಮದುವೆಯ ರಾತ್ರಿಗಳಿಗೆ ಇನ್ನೊಂದು ದನಿ ಇತ್ತು. ಎಚ್. ಮೆಹಬೂಬ್, ಹುಟ್ಟಿದ್ದು 1926ರಲ್ಲಿ, ದಖ್ಖನಿ ಮಾತಾಡುವ ಬಡ ಮನೆಯಲ್ಲಿ. ‘ಜೀವಿತನೌಕ’ ಚಿತ್ರದಿಂದ ಸಿನಿಮಾಕ್ಕೆ ಬಂದರು. 1954ರ ‘ನೀಲಕ್ಕುಯಿಲ್’ ಚಿತ್ರದ ಅವರ ಹಾಡು ಇವತ್ತಿಗೂ ಮಲಯಾಳಿಗಳ ಬಾಯಲ್ಲಿದೆ. ಆದರೆ ಮೆಹಬೂಬ್ ಸ್ಟುಡಿಯೋಗಿಂತ ಕೊಚ್ಚಿಯ ಮದುವೆಮನೆಗಳಿಗೆ ಸೇರಿದವರು. ಹಾರ್ಮೋನಿಯಂ, ತಬಲ, ಸುತ್ತ ಗೆಳೆಯರು, ಚಹಾ, ರಾತ್ರಿ ಪೂರ್ತಿ ಹಾಡು. ಯಾರ ಮದುವೆ, ಯಾವ ಜಾತಿ ಎಂದು ನೋಡುತ್ತಿರಲಿಲ್ಲ. 1981ರಲ್ಲಿ ತೀರಿಕೊಂಡ ಅವರು ಆಸ್ತಿ ಮಾಡಲಿಲ್ಲ. ಮೆಹಬೂಬ್ ಭಾಯಿ ಎಂಬ ಹೆಸರು ಮಾತ್ರ ಊರು ಇವತ್ತಿಗೂ ಬಿಟ್ಟಿಲ್ಲ. ಮದುಮಗನಿಗೆ ಒಪ್ಪುವ ರಾತ್ರಿ ಎಂದು ಕೊಚ್ಚಿಯಲ್ಲಿ ಏನಾದರೂ ಇದ್ದಿದ್ದರೆ ಅದು ಇದೇ ಇರಬೇಕು. ಹಾಡುವವನೊಬ್ಬನಿರುತ್ತಿದ್ದ, ಕೇಳುವುದು ಎಲ್ಲರ ಕೆಲಸವಾಗಿತ್ತು.

ಇಷ್ಟೆಲ್ಲ ಗದ್ದಲಕ್ಕೆ ತಿರುವನಂತಪುರದ ಕಡೆಯಿಂದ ಒಂದು ಗಟ್ಟಿ ಆಕ್ಷೇಪ ಬಂದಿತ್ತು. ಚೆಂಬಳಂದಿಯಲ್ಲಿ ಹುಟ್ಟಿದ ನಾರಾಯಣ ಗುರು, 1912ರಲ್ಲಿ ಮಂಗಳೂರಿನ ಕುದ್ರೋಳಿಗೆ ಬಂದು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದವರು, ಈಳವರ ಮದುವೆ ಖರ್ಚುಗಳನ್ನು ಕಂಡು ರೋಸಿದ್ದರು. ಸಾಲ ಮಾಡಿ ಊರಿಗೆ ಊಟ ಹಾಕುವುದು, ಚಿಕ್ಕ ಹುಡುಗಿಯರಿಗೆ ತಾಳಿ ಕಟ್ಟಿಸುವ ತಾಲಿಕೆಟ್ಟು ಕಲ್ಯಾಣ, ಎಲ್ಲವನ್ನೂ ಬಿಡಿ ಎಂದರು. ಹೆಂಡವನ್ನೂ ಬಿಡಿ ಎಂದರು, ಹೆಂಡ ಇಳಿಸುವುದೇ ಕುಲಕಸುಬಾಗಿದ್ದವರಿಗೆ. ಮದುವೆಗೆ ಹತ್ತು ಜನ ಸಾಕು ಎಂಬುದು ಅವರ ಲೆಕ್ಕ. ಗಂಡು, ಹೆಣ್ಣು, ಇಬ್ಬರ ತಂದೆತಾಯಿ, ಒಬ್ಬ ಪುರೋಹಿತ, ಊರಿನ ಒಬ್ಬ ಹಿರಿಯ. ಇಲ್ಲಿಗೆ ಎಂಟಾಯಿತು. ಉಳಿದ ಎರಡು ಸ್ಥಾನ: ಹೆಣ್ಣಿಗೊಬ್ಬಳು ಗೆಳತಿ, ಗಂಡಿಗೊಬ್ಬ ಗೆಳೆಯ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಯಾರಿಗೂ ಜಾಗ ಕೊಡದ ಸನ್ಯಾಸಿ ಗೆಳೆಯನನ್ನು ಬಿಡಲಿಲ್ಲ. ಮಾವನ ಮಾತೇ ಮನೆಯ ಮಾತಾಗಿದ್ದ ನಾಡಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಕನ್ನಡನಾಡಿನಲ್ಲೂ ಆ ಗೆಳೆಯನಿಗೆ ಹೆಸರು ಇರುವ ಜಾಗಗಳಿವೆ. ಕೊಡವರ ಮದುವೆಯಲ್ಲಿ ಬೋಜಕಾರ ಮದುಮಗನ ಪಕ್ಕ ಬಿಡುವುದಿಲ್ಲ. ಹಿಂದಿನ ದಿನದ ಊರ್‌ಕೂಡುವೊದಲ್ಲಿ ಊರೇ ಬಂದು ತರಕಾರಿ ಹೆಚ್ಚುತ್ತದೆ. ಮಂಗಳೂರಿನ ಕ್ರೈಸ್ತರ ರೋಸ್‌ನಲ್ಲಿ ಮನೆಯವರೂ ನೆರೆಯವರೂ ಮದುಮಗನ ಮೈಗೆ ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ. ಬ್ರಾಹ್ಮಣ ಮನೆಗಳ ಕಾಶಿಯಾತ್ರೆ ಬಹುಶಃ ನಮ್ಮ ಅತಿ ಚಿಕ್ಕ ಬ್ಯಾಚುಲರ್ ಪಾರ್ಟಿ. ಕೊಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಬ್ರಹ್ಮಚರ್ಯ ಮುಗಿದಿರುತ್ತದೆ.

ಈಗಿನ ತಲೇನ್ನ್ ಕೊಚ್ಚಿಯಲ್ಲಿ ಸಾಮಾನ್ಯವಾಗಿ ಎರಡಾಗಿ ಒಡೆದಿರುತ್ತದೆ. ಮನೆಯವರದ್ದು ಹಾಲ್‌ನಲ್ಲಿ ರಿಸೆಪ್ಷನ್ನು, ಬಿರಿಯಾನಿ. ಗೆಳೆಯರದ್ದು ಒಂದೆರಡು ವಾರ ಮುಂಚೆಯೇ ಫೋರ್ಟ್ ಕೊಚ್ಚಿಯ ಹೋಮ್‌ಸ್ಟೇಯಲ್ಲೋ ಆಲಪ್ಪುಳದ ದೋಣಿಮನೆಯಲ್ಲೋ. ಯೋಜನೆ ಹಾಕುವವನು ಕೇರಳದ ಅಬಕಾರಿ ನಿಯಮ ಓದಿಕೊಂಡಿದ್ದರೆ ಒಳ್ಳೆಯದು. ತಿಂಗಳ ಒಂದನೇ ತಾರೀಕು ಸಾಮಾನ್ಯವಾಗಿ ಮದ್ಯ ಮಾರಾಟ ಇಲ್ಲ. ಒಬ್ಬ ಇಟ್ಟುಕೊಳ್ಳಬಹುದಾದ ವಿದೇಶಿ ಮದ್ಯ ಮೂರು ಲೀಟರ್. ಇನ್ನೊಂದು ಸ್ವಾರಸ್ಯ: 2017ರ ಕೊನೆಯಲ್ಲಿ ಕುಡಿಯುವ ವಯಸ್ಸನ್ನು 21ರಿಂದ 23ಕ್ಕೆ ಏರಿಸಿದರು. ಗಂಡಿನ ಮದುವೆ ವಯಸ್ಸು 21. ಹಾಗಾಗಿ ಇಪ್ಪತ್ತೆರಡರ ಮಲಯಾಳಿ ಹುಡುಗ ಕಾನೂನುಬದ್ಧವಾಗಿ ಗಂಡನಾಗಬಹುದು, ತನ್ನ ಬ್ಯಾಚುಲರ್ ಪಾರ್ಟಿಯಲ್ಲಿ ಒಂದು ಬಿಯರ್ ಕುಡಿಯುವಂತಿಲ್ಲ. ಅಮಲ್ ನೀರದ್ 2012ರಲ್ಲಿ ‘ಬ್ಯಾಚುಲರ್ ಪಾರ್ಟಿ’ ಎಂಬ ಚಿತ್ರವನ್ನೇ ಮಾಡಿದರು; ಅದರಲ್ಲಿ ಮದುವೆಗಿಂತ ಬಂದೂಕು ಹೆಚ್ಚು.

ಮನೆಗೂ ಗೆಳೆಯರಿಗೂ ನಡುವೆ ಒಡೆದ ಈ ರಾತ್ರಿಯಲ್ಲಿ ಗೆಳೆಯರು ಮದುವೆಯ ಅಂಗಳಕ್ಕೆ ತಿರುಗಿ ಬರುವುದು ಕೆಲವೊಮ್ಮೆ ಚೇಷ್ಟೆಗಾರರಾಗಿ. 2022ರ ಜನವರಿಯಲ್ಲಿ ಕಾಸರಗೋಡಿನ ಉಪ್ಪಳದ ಒಬ್ಬ ಮದುಮಗ ಬಂಟ್ವಾಳ ತಾಲೂಕಿನ ಸಾಲೆತ್ತೂರಿನ ಹೆಣ್ಣಿನ ಮನೆಗೆ ರಾತ್ರಿ ಗೆಳೆಯರ ಗುಂಪಿನೊಂದಿಗೆ ಬಂದ. ಮುಖಕ್ಕೆ ಕಪ್ಪು, ತಲೆಗೆ ಹಾಳೆಯ ಮುಟ್ಟಾಳೆ, ಕೊರಗಜ್ಜನ ವೇಷ. ವಿಡಿಯೊ ಹರಿದಾಡಿತು, ವಿಟ್ಲದಲ್ಲಿ ಕೇಸಾಯಿತು. ತುಳುನಾಡು ನಂಬುವ ದೈವದ ಅಪಹಾಸ್ಯ ಎಂಬ ಸಿಟ್ಟು ಒಂದು ಕಡೆ. ಕಡಿಮೆ ಮಾತಾದ ಇನ್ನೊಂದು ಕಡೆಯೂ ಇತ್ತು. ಕೊರಗರ ಮೈಬಣ್ಣ, ಉಡುಪು, ನಡಿಗೆಗಳನ್ನು ಬೇರೆಯವರು ತಮಾಷೆಗೆಂದು ಹೊದ್ದುಕೊಳ್ಳುವ ಅವಮಾನಕ್ಕೆ ಈ ಕರಾವಳಿಯಲ್ಲಿ ದೀರ್ಘ ಚರಿತ್ರೆ ಇದೆ; ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾನೂನು ಮಾಡಿಯೇ ನಿಲ್ಲಿಸಬೇಕಾಯಿತು. ಮುಂದಿನ ತಿಂಗಳು, ಫೆಬ್ರವರಿ 13ರಂದು, ಕಣ್ಣೂರಿನ ತೋಟ್ಟಡದಲ್ಲಿ ಇದಕ್ಕಿಂತ ಘೋರ ಘಟನೆ ನಡೆಯಿತು. ಹಿಂದಿನ ರಾತ್ರಿ ಹಾಡು ಹಾಕುವ ವಿಚಾರದಲ್ಲಿ ಎರಡು ಗುಂಪುಗಳಿಗೆ ಜಗಳವಾಗಿತ್ತು. ಮರುದಿನ ಮದುವೆ ಮೆರವಣಿಗೆಯಲ್ಲಿ ಎಸೆದ ಬಾಂಬು ಎಸೆದವರ ಗುಂಪಿನವನದೇ ಜೀವ ತೆಗೆಯಿತು. ಮದುಮಗನ ಸುತ್ತ ಚಪ್ಪಾಳೆ ತಟ್ಟುತ್ತಿದ್ದ ಸೀಮೆಯಲ್ಲೇ ಇದು ನಡೆದದ್ದು. ಮದುವೆಮನೆಯ ಇಂಥ ಚೇಷ್ಟೆಗಳನ್ನು ಮಲಬಾರಿನ ಕೆಲವು ಮಸೀದಿ ಸಮಿತಿಗಳೇ ನಿಷೇಧಿಸಿವೆ.

ಗೆಳೆಯರಿಗೆ ಕೆಲಸ ಇನ್ನೂ ಉಳಿದಿರುವ ಒಂದು ಮದುವೆ ಇದೆ. ಮನೆಯವರು ಒಪ್ಪದ, ಜಾತಿ ಧರ್ಮ ಮೀರಿದ ಮದುವೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸು ಕೊಟ್ಟು ಮೂವತ್ತು ದಿನ ಕಾಯಬೇಕು, ಮೂವರು ಸಾಕ್ಷಿಗಳು ಸಹಿ ಮಾಡಬೇಕು. ಅಂಥ ಹುಡುಗನಿಗೆ ಚಪ್ಪರ ಇಲ್ಲ, ಕ್ಷೌರದವನು ಮೂರು ಸಲ ಕೇಳುವುದಿಲ್ಲ, ಇಚ್ಚಪ್ಪಾಡ್ ಬಾಯಿಗಿಡಲು ಹಿರಿಯರು ಬರುವುದಿಲ್ಲ. ಅವನ ತಲೇನ್ನ್ ಯಾವುದೋ ಗೆಳೆಯನ ಬಾಡಿಗೆ ಕೋಣೆಯಲ್ಲಿ ಕಳೆಯುತ್ತದೆ. ಗುರುತಿನ ಚೀಟಿಗಳ ಜೆರಾಕ್ಸ್ ಆಗಿದೆಯೇ, ಫೋಟೊ ಇದೆಯೇ, ಮೂರನೆಯ ಸಾಕ್ಷಿ ಬೆಳಗ್ಗೆ ಬಸ್ಸಿಗೆ ಸರಿಯಾಗಿ ಏಳುತ್ತಾನೆಯೇ. ನೂರಿಪ್ಪತ್ತು ವರ್ಷದ ಹಿಂದೆ ದೀಪದ ಮುಂದೆ ಸೀರೆ ಕೊಟ್ಟದ್ದನ್ನು ನೋಡಿ ವೀಳ್ಯ ಹಾಕಿಕೊಂಡು ಹೊರಟವರ ಕೆಲಸವನ್ನೇ ಇವರೂ ಮಾಡುತ್ತಿದ್ದಾರೆ.

ಉಳಿದ ಮದುವೆಗಳಿಗೂ ಕೇರಳದಲ್ಲಿ 2008ರ ನಿಯಮಗಳಂತೆ ನೋಂದಣಿ ಕಡ್ಡಾಯ, ಅರ್ಜಿಯಲ್ಲಿ ಇಬ್ಬರು ಸಾಕ್ಷಿಗಳು ಬೇಕು. 2024ರ ಜನವರಿ 1ರಂದು ಕೊಚ್ಚಿಯಲ್ಲಿ ಕೆ-ಸ್ಮಾರ್ಟ್ ಎಂಬ ವ್ಯವಸ್ಥೆಗೆ ಚಾಲನೆ ಸಿಕ್ಕಿತು. ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದು ಊರಿನಲ್ಲಿ ಇದ್ದರೂ ಈಗ ವಿಡಿಯೊ ಮೂಲಕ ನೋಂದಾಯಿಸಿಕೊಳ್ಳಬಹುದು. ಕಚೇರಿಗೆ ಯಾರೂ ಹೋಗಬೇಕಿಲ್ಲ, ಹೊರಗಿನ ಅಂಗಡಿಯಲ್ಲಿ ಎಲ್ಲರಿಗೂ ಚಹಾ ಹೇಳಬೇಕಿಲ್ಲ. ಸಾಕ್ಷಿಗಳ ಹೆಸರಿನ ಜಾಗ ಅರ್ಜಿಯಲ್ಲಿ ಇನ್ನೂ ಇದೆ.